ಪದ ಬೇಕು: ‘ವಿಶ್ವಾಸಾರ್ಹ ರೂಟರ್’ ಅನ್ನುವುದಕ್ಕೆ ಮನೆಮಾತಿನಲ್ಲಿ ಏನು? (ಶನಿವಾರ ಅಚ್ಚಿಗೆ ಹೋಗಬೇಕು)

ಉಡುಪಿಯಿಂದ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅವಸರ ಉಂಟು.

ನನ್ನ ಭಾವನದ್ದು ಇಲ್ಲಿ ಎಲೆಕ್ಟ್ರಿಕಲ್ ಅಂಗಡಿ. ಫೋನಿನಲ್ಲಿ ಹಾಕಿ ಆರಿಸುವ ಬಲ್ಬು, ಪ್ಲಗ್ಗು, ಗೇಟಿನ ಕ್ಯಾಮರಾ ಎಲ್ಲ ಮಾರುತ್ತಾರೆ. ತಗೊಂಡು ಹೋದವರು ವಾರದೊಳಗೆ ವಾಪಸು ಬಂದು ‘ಬಲ್ಬು ಹಾಳು’ ಅನ್ನುತ್ತಾರೆ. ಹೆಚ್ಚಿನ ಸಲ ಬಲ್ಬು ಸರಿಯೇ ಇರುತ್ತದೆ, ತೊಂದರೆ ರೂಟರಿನದ್ದು. ಹಾಗಾಗಿ ರೂಟರ್ ನೋಡಿ ತಗೊಳ್ಳುವುದು ಹೇಗೆ ಅಂತ ಒಂದು ಪುಟದ ಕರಪತ್ರ ಮಾಡುತ್ತಿದ್ದೇವೆ. ಇಂಗ್ಲಿಷಿನದ್ದು ಸಿದ್ಧ ಉಂಟು. ಕನ್ನಡ ನನ್ನ ಪಾಲಿಗೆ ಬಂತು, ನಾನು ತಲೆಬರಹದಲ್ಲೇ ಸಿಕ್ಕಿಬಿದ್ದಿದ್ದೇನೆ. ‘ರಿಲಾಯಬಲ್’.

‘ವಿಶ್ವಾಸಾರ್ಹ ರೂಟರ್’ ಅಂತ ಬರೆದು ಅಮ್ಮನಿಗೆ ತೋರಿಸಿದೆ. ‘ಯಾರಿಗೆ ಯಾರ ಮೇಲೆ ವಿಶ್ವಾಸ?’ ಅಂತ ಕೇಳಿದರು. ಅವರಿಗೆ ವಿಶ್ವಾಸ ಅಂದರೆ ಪ್ರೀತಿ, ಬಳಕೆ. ಅವರು ಕೇಳಿದ್ದು ಸರಿಯೇ.

ನನಗೆ ಬೇಕಾದ ಅರ್ಥ ವೇಗ ಅಲ್ಲ, ಬಾಳಿಕೆಯೂ ಅಲ್ಲ. ಐದು ವರ್ಷ ಸುಡದೆ ಉಳಿದ ರೂಟರ್ ಕೂಡ ದಿನಕ್ಕೆ ನಾಲ್ಕು ಸಲ ಬಲ್ಬನ್ನು ಕೈಬಿಡಬಹುದು. ನಮ್ಮ ಮನೆಯದ್ದೇ ನೋಡಿ. ಮುರಕಲ್ಲಿನ ಗೋಡೆ, ರೂಟರ್ ಚಾವಡಿಯಲ್ಲಿ ಟಿವಿಯ ಹಿಂದೆ, ಬಲ್ಬು ಎರಡು ಗೋಡೆ ದಾಟಿ ಗೇಟಿನ ಹತ್ತಿರ. ಅಮ್ಮ ಚಾವಡಿಯಲ್ಲಿ ಕೂತು ಫೋನಿನಲ್ಲಿ ಯಕ್ಷಗಾನ ನೋಡುತ್ತಾರೆ, ಒಂದು ಸಲವೂ ನಿಲ್ಲುವುದಿಲ್ಲ. ಅದೇ ಫೋನಿನಲ್ಲಿ ಗೇಟಿನ ಬಲ್ಬಿನ ಹೆಸರಿನ ಕೆಳಗೆ ಮಾತ್ರ ಬೂದು ಬಣ್ಣದಲ್ಲಿ ‘ಆಫ್‌ಲೈನ್’. ರೂಟರ್ ಎರಡು ಬ್ಯಾಂಡಿನಲ್ಲಿ, ಅಂದರೆ ಎರಡು ಬಗೆಯ ರೇಡಿಯೋ ಅಲೆಗಳಲ್ಲಿ, ಕೆಲಸ ಮಾಡುತ್ತದೆ: 2.4 ಮತ್ತು 5 ಗಿಗಾಹರ್ಟ್ಸ್. ಫೋನು 5 ಗಿಗಾಹರ್ಟ್ಸ್‌ನಲ್ಲಿ ಇರುತ್ತದೆ. ಇಂಥ ಬಲ್ಬುಗಳಲ್ಲಿ ಹೆಚ್ಚಿನವಕ್ಕೆ 2.4 ಮಾತ್ರ ಗೊತ್ತು. 2.4 ದೂರ ಹೋಗುತ್ತದೆ, ಗೋಡೆಯನ್ನೂ ಜಾಸ್ತಿ ದಾಟುತ್ತದೆ, ಆದರೆ ಅಕ್ಕಪಕ್ಕದ ಮನೆಯವರೆಲ್ಲ ಅದರಲ್ಲೇ ತುಂಬಿಕೊಂಡಿರುತ್ತಾರೆ, ಮತ್ತೆ ಅದರಲ್ಲಿ ಒಂದರ ಮೇಲೊಂದು ಬೀಳದೆ ಒಟ್ಟಿಗೆ ಬಳಸಲು ಸಿಗುವುದು 1, 6, 11 ಈ ಮೂರೇ ಚಾನೆಲ್ (ಬ್ಯಾಂಡಿನ ಒಳಗಿನ ಓಣಿಗಳು ಅನ್ನಿ).

ಹಾಗಾಗಿ ನಾವು ಹೇಳಹೊರಟ ರೂಟರ್ ಎರಡು ಬ್ಯಾಂಡಿಗೂ ಬೇರೆ ಬೇರೆ ಹೆಸರು ಇಡಲು ಬಿಡಬೇಕು. ಇಪ್ಪತ್ತು ಸಾಮಾನು ಸೇರಿದರೂ ಯಾವುದನ್ನೂ ಹೊರಗೆ ಹಾಕಬಾರದು. ವೈಫೈ ಭದ್ರತೆಯ ಹೊಸ ಕ್ರಮ ಡಬ್ಲ್ಯುಪಿಎ3 ಒಂದನ್ನೇ ಇಟ್ಟರೆ ಹಳೆಯ ಪ್ಲಗ್ಗುಗಳು ಸೇರುವುದಿಲ್ಲ, ಹಳೆಯ ಡಬ್ಲ್ಯುಪಿಎ2 ಮತ್ತು 3 ಒಟ್ಟಿಗೆ ಇಡಲು ಬರಬೇಕು. ಗುಡುಗು ಬಂದು ಕರೆಂಟು ಹೋಗಿ ಬಂದ ಮೇಲೆ ಯಾರೂ ಮುಟ್ಟದೆ ಎಲ್ಲವನ್ನೂ ತಾನೇ ಮತ್ತೆ ಸೇರಿಸಿಕೊಳ್ಳಬೇಕು. ಈ ಎಲ್ಲದಕ್ಕೆ ಒಂದು ಮಾತು ಬೇಕು.

ಕುಂದಾಪುರದಿಂದ:

‘ನೆಚ್ಚು’ ಇರುವಾಗ ವಿಶ್ವಾಸಾರ್ಹ ಯಾಕೆ? ಕಿಟ್ಟೆಲ್ ನಿಘಂಟು ತೆಗೆಯಿರಿ, 1894ರಲ್ಲಿ ನಿಮ್ಮ ಪಕ್ಕದ ಮಂಗಳೂರಿನಲ್ಲೇ ಅಚ್ಚಾದದ್ದು. ನಚ್ಚು, ನೆಚ್ಚು ಅಂದರೆ ನಂಬು. ‘ನೆಚ್ಚಿನ ರೂಟರ್’. ಮುಗಿಯಿತು. ಇದಕ್ಕೆ ಚರ್ಚೆಯೇ ಬೇಡ.

ನನಗೆ ಬೇಸರ ಆದದ್ದು ‘ರೂಟರ್’ ಅನ್ನು ಯಾರೂ ಪ್ರಶ್ನೆ ಕೂಡ ಮಾಡದ್ದಕ್ಕೆ. ಬೀಸು, ಬೀಸಣಿಗೆ. ಬಾಚು, ಬಾಚಣಿಗೆ. ಹಾಗೆಯೇ ಹಂಚು, ಹಂಚಣಿಗೆ. ಮನೆಗೆಲ್ಲ ಇಂಟರ್‌ನೆಟ್ ಹಂಚುವ ಸಾಧನ ಅಲ್ವಾ?

ಮಂಗಳೂರಿನಿಂದ:

ಅಲ್ಲ. ಮಂಗಳೂರಿನಲ್ಲಿ ಹಂಚು ಅಂದರೆ ಮಾಡಿನ ಹಂಚು. 1860ರ ದಶಕದಲ್ಲಿ ಬಾಸೆಲ್ ಮಿಷನ್‌ನವರು ಇಲ್ಲಿ ಹಂಚಿನ ಕಾರ್ಖಾನೆ ಹಾಕಿದಂದಿನಿಂದ ಊರಿಗೇ ಆ ಹೆಸರು. ‘ಹಂಚಣಿಗೆ’ ಓದಿದವರು ಮೇಲೆ ನೋಡುತ್ತಾರೆ. ಅರ್ಥವೂ ಸರಿ ಇಲ್ಲ. ರೂಟರಿನ ಮುಖ್ಯ ಕೆಲಸ ಹಂಚುವುದಲ್ಲ, ಬಂದದ್ದು ಯಾವ ಕಡೆ ಹೋಗಬೇಕು ಅಂತ ನೋಡಿ ಕಳಿಸುವುದು. ಮೂಲ ನೋಡಿ: ರೂಟ್ ಫ್ರೆಂಚಿನಿಂದ ಬಂದದ್ದು, ಅದಕ್ಕೂ ಹಿಂದೆ ಲ್ಯಾಟಿನ್ನಿನ ‘ರುಪ್ತಾ’, ಅಂದರೆ ಒಡೆದದ್ದು, ಒಡೆದು ಮಾಡಿದ ದಾರಿ. ಕನ್ನಡ ಮಾಡಲೇಬೇಕು ಅಂತಿದ್ದರೆ ‘ದಾರಿಗ’ ಮಾಡಿ.

‘ನೆಚ್ಚಿನ’ ಬೇಡವೇ ಬೇಡ. ನೆಚ್ಚಿನ ನಟ, ನೆಚ್ಚಿನ ತಿಂಡಿ. ಅದು ಈಗ ಮೆಚ್ಚಿನ ಆಗಿಹೋಗಿದೆ. ಹಳೆಯ ಅರ್ಥ ಉಳಿದಿರುವುದು ಕ್ರಿಯಾಪದದಲ್ಲಿ ಮಾತ್ರ, ‘ಮಳೆಯನ್ನೇ ನೆಚ್ಚಿಕೊಂಡ ಬೇಸಾಯ’ ಅನ್ನುವಲ್ಲಿ. ನನ್ನ ಮತ ‘ನಂಬಿಗಸ್ತ’ಕ್ಕೆ.

ಕುಂದಾಪುರದಿಂದ:

ಗಾಣಿಗ, ಹೂವಾಡಿಗ, ಕನ್ನಡಿಗ. ‘ಇಗ’ ಹತ್ತುವುದು ಮನುಷ್ಯರಿಗೆ, ಪ್ಲಾಸ್ಟಿಕ್ ಡಬ್ಬಿಗೆ ಅಲ್ಲ. ದಾರಿಗ ಅಂದರೆ ದಾರಿಹೋಕ ಅಂತ ಓದುತ್ತಾರೆ. ನಂಬಿಗಸ್ತ ಅನ್ನುವುದು ಆಳಿಗೆ, ನಾಯಿಗೆ. ಅರ್ಥ ಜಾರಿತು ಅಂತ ಹಳೆ ಪದ ಬಿಡುವುದು, ಗೊತ್ತಿಲ್ಲ ಅಂತ ಹೊಸ ಪದ ಬಿಡುವುದು. ಹೀಗೆ ಒಂದೊಂದೇ ಬಿಟ್ಟುಕೊಟ್ಟರೆ ಕನ್ನಡದ್ದು ಅಂತ ಉಳಿಯುವುದು ವಿಭಕ್ತಿ ಪ್ರತ್ಯಯ ಮಾತ್ರ.

ಕಾರ್ಕಳದಿಂದ:

ಮಾರಾಯ್ರೇ, ಬೆಂಗಳೂರಿನವರು ಆಲೂಗಡ್ಡೆ ಅನ್ನುವಾಗ ನಾವು ಬಟಾಟೆ ಅನ್ನುತ್ತೇವೆ. ಅದು ಪೋರ್ಚುಗೀಸಿನದ್ದು. ಚಾವಿಯೂ ಅಲ್ಲಿಂದಲೇ ಬಂದದ್ದು, ಇಸ್ತ್ರಿಯೂ. ಅದರಿಂದ ಕರಾವಳಿಯ ಕನ್ನಡ ಸೊರಗಲಿಲ್ಲ. ರೂಟರನ್ನು ರೂಟರ್ ಅನ್ನಲಿಕ್ಕೆ ಬಿಡಿ. ವೈಫೈಗೂ ಯಾರಾದರೂ ಬಿಡಿಸಿ ಅರ್ಥ ಕಟ್ಟುವ ಮೊದಲು ಹೇಳುತ್ತೇನೆ: ಅದು 1999ರಲ್ಲಿ ದುಡ್ಡು ಕೊಟ್ಟು ಮಾಡಿಸಿಕೊಂಡ ಬ್ರಾಂಡ್ ಹೆಸರು. ಅನುವಾದಕ್ಕೆ ಒಳಗೆ ಏನೂ ಇಲ್ಲ. ಕರಪತ್ರದಲ್ಲಿ ಒಂದು ಕಡೆ ರೂಟರ್, ಇನ್ನೊಂದು ಕಡೆ ರೌಟರ್ ಅಂತ ಬರೆಯಬೇಡಿ, ಅಷ್ಟು ನೋಡಿಕೊಂಡರೆ ಸಾಕು.

ಕುಂದಾಪುರದಿಂದ:

ಬಟಾಟೆ ತಿನ್ನಲು ಬಂತು, ಹೆಸರು ಜೊತೆಗೆ ಬಂತು. ಅದು ಬೇರೆ. ಇದು ಸೋಮಾರಿತನ.

ಉಡುಪಿಯಿಂದ:

ಎಲ್ಲರಿಗೂ ಧನ್ಯವಾದ. ಪದ ಸಿಕ್ಕಿತು, ಸಿಕ್ಕಿದ್ದು ಅಂಗಡಿಯಲ್ಲಿ.

ನಿನ್ನೆ ಸಂಜೆ ಕೌಂಟರಿನ ಹತ್ತಿರ ಕೂತಿದ್ದೆ. ಒಬ್ಬರು ಅಜ್ಜ ಬಂದರು. ಸೊಪ್ಪಿನ ಚೀಲದಿಂದ ಹಳೆಯ ರೂಟರ್ ತೆಗೆದು ಮೇಲಿಟ್ಟರು, ವಯರು ಸುತ್ತಿ ರಬ್ಬರ್ ಬ್ಯಾಂಡ್ ಹಾಕಿತ್ತು. ‘ಇದು ಬೇಕಾದಾಗಲೇ ಕೈಕೊಡ್ತದೆ. ಕೈಕೊಡದ್ದು ಒಂದು ಕೊಡಿ’ ಅಂದರು. ಅಷ್ಟೇ ಮಾತು.

‘ಕೈಕೊಡದ ರೂಟರ್’. ತಲೆಬರಹ ಇದೇ. ಕೈಕೊಡು ಅಂದರೆ ಸಹಾಯ ಮಾಡು ಅಂತಲೂ ಉಂಟಲ್ಲ ಅಂತ ಯಾರಾದರೂ ಹೇಳುವ ಮೊದಲೇ ಯೋಚಿಸಿದ್ದೇನೆ. ಮನುಷ್ಯರ ವಿಷಯದಲ್ಲಿ ಎರಡೂ ಅರ್ಥ ಬರುತ್ತದೆ. ಪಂಪು ಕೈಕೊಟ್ಟಿತು, ಬೈಕು ಕೈಕೊಟ್ಟಿತು ಅನ್ನುವಾಗ ಒಂದೇ ಅರ್ಥ. ಮತ್ತೆ ಇದರಲ್ಲಿ ಬಾಳಿಕೆಯ ಗೊಂದಲವೂ ಇಲ್ಲ. ಕೈಕೊಟ್ಟದ್ದು ಸತ್ತುಹೋಗಿರಬೇಕು ಅಂತಿಲ್ಲ, ನಾವು ನಂಬಿ ಕೂತ ಹೊತ್ತಿಗೆ ಒದಗಲಿಲ್ಲ ಅಂತ ಅಷ್ಟೇ. ನನಗೆ ಬೇಕಾಗಿದ್ದದ್ದು ಸರಿಯಾಗಿ ಇದೇ.

ಕುಂದಾಪುರದವರಿಗೆ: ಸೋಮಾರಿತನ ಅಂದದ್ದು ನನಗೆ ನಾಟಿತು. ಆದರೆ ನೆಚ್ಚು ಬಿಟ್ಟಿಲ್ಲ. ಒಳಗಿನ ಮೊದಲ ಸಾಲು ಹೀಗೆ ಮಾಡಿದ್ದೇನೆ: ‘ಮನೆಯ ಲೈಟು, ಗೇಟು, ಕ್ಯಾಮರಾ ಎಲ್ಲ ಒಂದೇ ರೂಟರನ್ನು ನೆಚ್ಚಿಕೊಂಡಿರುತ್ತವೆ.’ ಅಮ್ಮ ಓದಿದರು, ಏನೂ ಕೇಳಲಿಲ್ಲ.

‘ಬ್ಯಾಂಡ್’ ಒಂದು ಬಾಕಿ ಉಂಟು. ‘ಪಟ್ಟಿ’ ಅಂತ ಹಾಕಿದರೆ ಅಂಗಡಿಯ ಹುಡುಗರೇ ಬೆಲೆಪಟ್ಟಿ ಅಂದುಕೊಂಡರು. ಶುಕ್ರವಾರ ರಾತ್ರಿಯೊಳಗೆ ಯಾರಿಗಾದರೂ ಹೊಳೆದರೆ ಬರೆಯಿರಿ, ಇಲ್ಲದಿದ್ದರೆ ಬ್ಯಾಂಡ್ ಅಂತಲೇ ಅಚ್ಚಿಗೆ ಹೋಗುತ್ತದೆ.