ಚೊಚ್ಚಲ ಹೆರಿಗೆ: ಜಗಳೂರಲ್ಲೇನಾ, ದಾವಣಗೆರೆಗಾ?

ತಂಗಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಾಳೆ. ಎಂಟನೇ ತಿಂಗಳು. ಎಚ್‌ಬಿ (ರಕ್ತದ ಹಿಮೋಗ್ಲೋಬಿನ್) 8.6 ಇದೆ, ಕಡಿಮೆ. ಇಲ್ಲೇ ಜಗಳೂರಲ್ಲಿ ಹತ್ತಿರದ ನರ್ಸಿಂಗ್ ಹೋಮ್ ಸಾಕು ಅನ್ನುತ್ತಾಳೆ ಅಮ್ಮ. ಭಾವನಿಗೆ ದಾವಣಗೆರೆ ಜಿಲ್ಲಾ ಆಸ್ಪತ್ರೆಯೇ ಆಗಬೇಕು. ಅನುಭವ ಇರುವವರು ಹೇಳಿ.

ಲೇಬರ್ ವಾರ್ಡ್ ನರ್ಸ್, ಚಿತ್ರದುರ್ಗ:
ಅಣ್ಣಾ, ಸರ್ಕಾರಿಯೋ ಪ್ರೈವೇಟೋ ಅನ್ನೋದು ಆಮೇಲೆ. ರಾತ್ರಿ ಎರಡು ಗಂಟೆಗೆ ಅಲ್ಲಿ ಯಾರಿರುತ್ತಾರೆ ಅಂತ ಮೊದಲು ಕೇಳಿ. ಸಿಸೇರಿಯನ್ ಬೇಕಾದರೆ ಅರಿವಳಿಕೆ ಡಾಕ್ಟರ್ ಆ ಹೊತ್ತಿಗೆ ಬರುತ್ತಾರಾ? ರಕ್ತ ಎಲ್ಲಿಂದ ತರಬೇಕು? ಮಗು ಅಳದಿದ್ದರೆ ನೋಡುವವರು ಯಾರು? "ದಾವಣಗೆರೆಗೆ ಕಳಿಸ್ತೀವಿ" ಅಂದರೆ, ನೀವೇ ಮೊದಲು ಅಲ್ಲಿಗೆ ಹೋಗುವುದು ವಾಸಿ. ನೋವು ತಿನ್ನುತ್ತಾ ಗಂಟೆ ದಾರಿ ಹೋಗೋದು ಬೇಡ.

ತಾಯಂದಿರ ಸಾವಿಗೆ ದೊಡ್ಡ ಕಾರಣ ಹೆರಿಗೆ ಆದ ಮೇಲಿನ ರಕ್ತಸ್ರಾವ. ಅರ್ಧ ಲೀಟರ್ ದಾಟಿದರೆ ನಮಗೆ ಅಪಾಯದ ಲೆಕ್ಕ. ರಕ್ತ ಮೊದಲೇ ಕಡಿಮೆ ಇದ್ದವರು ಅಷ್ಟನ್ನೂ ತಡೆಯುವುದಿಲ್ಲ. ಅದಕ್ಕೇ ಮಗು ಬಂದ ಒಂದು ನಿಮಿಷದೊಳಗೆ ಆಕ್ಸಿಟೋಸಿನ್ ಇಂಜೆಕ್ಷನ್ ಕೊಡುತ್ತೇವೆ. ಗರ್ಭಕೋಶ ಕುಗ್ಗಿ ಗಟ್ಟಿಯಾದರೆ ರಕ್ತ ನಿಲ್ಲುತ್ತದೆ. ಮೊದಲ ಎರಡು ಗಂಟೆ ತಂಗಿ ಹತ್ತಿರ ಒಬ್ಬರು ಇರಲೇಬೇಕು. ನೆಂಟರಿಗೆ ಫೋನು, ಪೇಡ ಎಲ್ಲಾ ಆಮೇಲೆ. ಬಟ್ಟೆ ಒದ್ದೆಯಾಗುತ್ತಲೇ ಇದ್ದರೆ, ತಲೆ ಸುತ್ತುತ್ತದೆ ಅಂದರೆ ಸಿಸ್ಟರನ್ನು ಕೂಗಿ. ಬೈದರೆ ಬೈಸಿಕೊಳ್ಳಿ.

ಇಬ್ಬರು ಮಕ್ಕಳ ತಾಯಿ, ದಾವಣಗೆರೆ:
ನಾನು ಎರಡೂ ಕಡೆ ಹೆತ್ತಿದ್ದೇನೆ. ಪ್ರೈವೇಟಲ್ಲಿ ಸ್ವಂತ ರೂಮು, ಮೊದಲಿಂದ ನೋಡಿದ ಡಾಕ್ಟರ್. ಸುಳ್ಳು ಯಾಕೆ, ಅದು ಹಿತವಾಗಿಯೇ ಇತ್ತು. ಸರ್ಕಾರಿಯಲ್ಲಿ ಜನ ಜಾಸ್ತಿ, ಗಲಾಟೆ. ಆದರೆ ಎರಡನೆಯದು 1.8 ಕೆಜಿ ಹುಟ್ಟಿತು. ನವಜಾತ ಶಿಶು ಘಟಕ ಅದೇ ಆವರಣದಲ್ಲಿದ್ದದ್ದಕ್ಕೆ ಮಗುವನ್ನು ಹೊತ್ತುಕೊಂಡು ಊರೆಲ್ಲಾ ಓಡುವುದು ತಪ್ಪಿತು. ಆಮೇಲೆ ಕಾಂಗರೂ ಆರೈಕೆ ಅಂತ ಬರೀ ಎದೆಗೆ ಕಟ್ಟಿಕೊಂಡೇ ಇರಿ ಅಂದರು. ಅತ್ತೆಗೆ ಹಿಡಿಸಲಿಲ್ಲ, ತೂಕ ಏರಿದ ಮೇಲೆ ಸುಮ್ಮನಾದರು. ಇನ್ನೊಂದು, ಮೊದಲ ಹಳದಿ ಹಾಲು ಚೆಲ್ಲಬೇಡಿ. ಜೇನು, ಸಕ್ಕರೆ ನೀರು ಯಾರೇ ಹೇಳಿದರೂ ಬೇಡ.

ಹೊಳಲ್ಕೆರೆ ಕಡೆಯವರು:
ಸರ್ಕಾರಿಯಲ್ಲಿ ಸಿಸೇರಿಯನ್ ಆದರೂ ಬಿಲ್ ಇಲ್ಲ. ಔಷಧಿ, ರಕ್ತ, ಊಟ, ಗಾಡಿ ಎಲ್ಲಾ 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲೇ ಬರುತ್ತದೆ. ತಾಯಿ ಕಾರ್ಡ್ ಮರೆಯಬೇಡಿ. ನಾರ್ಮಲ್ ಆಯ್ತು ಅಂತ ಮಾರನೇ ದಿನವೇ ಹೊರಡಬೇಡಿ, 48 ಗಂಟೆಯಾದರೂ ಇರಿ.

ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ದಾವಣಗೆರೆಗೇ ಅಂತ ಆಯ್ತು. ಅಕ್ಕಾ, ಎಚ್‌ಬಿ ಇನ್ನೂ ಏರುತ್ತದಾ? ದಿನಾ ಬೀಟ್‌ರೂಟ್, ದಾಳಿಂಬೆ ಕೊಡುತ್ತಿದ್ದೇವೆ.

ಲೇಬರ್ ವಾರ್ಡ್ ನರ್ಸ್, ಚಿತ್ರದುರ್ಗ:
ಕೊಡಿ, ಆದರೆ ಅದನ್ನೇ ನಂಬಿಕೊಂಡು ಕೂರಬೇಡಿ. ಈ ತಿಂಗಳಲ್ಲಿ ಮಾತ್ರೆಯೊಂದೇ ಸಾಲದೆ ಇರಬಹುದು. ನರಕ್ಕೆ ಹಾಕುವ ಐರನ್ ಬೇಕಾ ಅಂತ ಡಾಕ್ಟರನ್ನು ಈಗಲೇ ಕೇಳಿ. ಪ್ರತಿ ತಿಂಗಳು 9ಕ್ಕೆ ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇರುತ್ತದೆ, ಅಲ್ಲಿವರೆಗೆ ಕಾಯಲೇಬೇಕು ಅಂತಿಲ್ಲ. ಮಾತ್ರೆ ನುಂಗಿದ ಹೊತ್ತಿಗೆ ಟೀ ಬೇಡ. ತಂಗಿಯ ರಕ್ತದ ಗುಂಪು ಯಾವುದು? ರಕ್ತ ಕೊಡುವವರನ್ನು ನೆಂಟರಲ್ಲಿ ಈಗಲೇ ಮಾತಾಡಿ ಇಟ್ಟುಕೊಳ್ಳಿ.