ಪ್ಯಾಚ್ ಬಿಟ್ಟ ಮೇಲೆ ಅಭಿಮಾನಿಗಳು ತಿರುಗಿಬಿದ್ದರೆ: ಸಣ್ಣ ತಂಡ ಏನೇನು ಸಿದ್ಧ ಮಾಡಿಕೊಂಡಿರಬೇಕು?

ಪಿಕ್ಸೆಲ್_ಪಾತ್ರಧಾರಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಸ್ಟೀಮ್‌ನಲ್ಲಿ (ವಾಲ್ವ್ ಕಂಪನಿಯ ಆನ್‌ಲೈನ್ ಗೇಮ್ ಅಂಗಡಿ) ಅರ್ಲಿ ಆಕ್ಸೆಸ್‌ನಲ್ಲಿರೋ, ಅಂದರೆ ಪೂರ್ತಿಯಾಗೋ ಮುಂಚೆಯೇ ಮಾರಾಟಕ್ಕಿಟ್ಟಿರೋ ಆಕ್ಷನ್ ಗೇಮ್, ನಾಲ್ಕು ಜನರ ತಂಡ, ಮೈಸೂರಿನಿಂದ ಕೆಲಸ. ಮುಂದಿನ ಅಪ್‌ಡೇಟ್‌ನಲ್ಲಿ ಮೂರು ಬದಲಾವಣೆ ಒಟ್ಟಿಗೆ ಹೋಗ್ತಿವೆ. ಎಲ್ಲರೂ ಹಿಡಿಯೋ ಬಿಲ್ಲಿನ ಡ್ಯಾಮೇಜ್ 100ರಿಂದ 70ಕ್ಕೆ ಇಳಿಯುತ್ತೆ. ಸೇವ್ ಫೈಲ್ ಫಾರ್ಮ್ಯಾಟ್ ಬದಲಾಗುತ್ತೆ. ಡೇಟಾ ಫೋಲ್ಡರ್‌ಗಳ ಜೋಡಣೆ ಬದಲಾಗೋದರಿಂದ ಈಗಿರೋ ಮಾಡ್‌ಗಳೆಲ್ಲ (ಆಟಗಾರರೇ ಮಾಡಿ ಸೇರಿಸಿಕೊಳ್ಳೋ ಬದಲಾವಣೆಗಳು) ಮುರಿಯುತ್ತವೆ. ಆಟಗಾರರ ಜೊತೆ ಮಾತಾಡೋ ಚಾಟ್ ತಾಣ ಡಿಸ್ಕಾರ್ಡ್‌ನಲ್ಲಿ ಸುಳಿವು ಕೊಟ್ಟಿದ್ದಕ್ಕೇ ಬಿಸಿ ಶುರುವಾಗಿದೆ.

ಕೇಳಬೇಕಾಗಿರೋದು ಇಷ್ಟು. ರಿವ್ಯೂ ಬಾಂಬಿಂಗ್ (ಸಿಟ್ಟಿಗೆ ಗುಂಪಾಗಿ ಕೆಟ್ಟ ರಿವ್ಯೂ ಸುರಿಯೋದು) ಆದರೆ ವಾಲ್ವ್‌ಗೆ ಹೇಳಿ ಲೆಕ್ಕದಿಂದ ತೆಗೆಸಬಹುದಾ? ಡಿಸ್ಕಾರ್ಡ್ ಎಷ್ಟು ಬಿಗಿ ಮಾಡಬೇಕು? ಮಾಡ್ ಮಾಡೋರಿಗೆ ಏನು ಹೇಳಬೇಕು? ದೊಡ್ಡ ಸ್ಟುಡಿಯೋಗಳು ಇಂಥ ಹೊತ್ತಲ್ಲಿ ಏನು ಮಾಡಿದವು ಅಂತ ಬಲ್ಲವರು ವಿವರವಾಗಿ ಹೇಳಿದರೆ ಉಪಕಾರ.

ತಿದ್ದುಪಡಿ_ರಾಯ:

ಮೊದಲು ಆ ಮೂರನ್ನೂ ಬೇರೆ ಬೇರೆ ಪ್ಯಾಚ್ ಮಾಡಿ. ಒಟ್ಟಿಗೆ ಬಿಟ್ಟರೆ ಯಾರು ಯಾವುದಕ್ಕೆ ಬೈತಿದ್ದಾರೆ ಅನ್ನೋದೇ ತಿಳಿಯಲ್ಲ. ಸೇವ್ ಕಳೆದುಕೊಂಡವರೂ ಬಿಲ್ಲಿಗೇ ಬೈತಾರೆ, ಯಾಕಂದರೆ ಪ್ಯಾಚ್ ನೋಟ್ಸ್‌ನಲ್ಲಿ ಕಣ್ಣಿಗೆ ಬೀಳೋದು ಅದೇ. ಸೇವ್ ಮೊದಲು, ಮಾಡ್‌ಗೆ ಸಂಬಂಧಪಟ್ಟದ್ದು ಆಮೇಲೆ, ಬಿಲ್ಲು ಕೊನೆಗೆ.

ಬಿಲ್ಲಿನ ಲೆಕ್ಕ ಒಮ್ಮೆ ಹಾಕಿ ನೋಡಿ. 200 ಪ್ರಾಣದ ಶತ್ರುವಿಗೆ ಈಗ ಎರಡು ಬಾಣ ಸಾಕು. 70ಕ್ಕೆ ಇಳಿಸಿದರೆ ಮೂರು ಬೇಕು. ನಿಮ್ಮ ಸ್ಪ್ರೆಡ್‌ಶೀಟ್‌ನಲ್ಲಿ ಅದು ಶೇ. 30 ಇಳಿಕೆ, ಆಟಗಾರರ ಕೈಗೆ ಶೇ. 50 ಹೆಚ್ಚು ಕೆಲಸ. 80ಕ್ಕೆ ನಿಲ್ಲಿಸಿದರೂ ಮೂರೇ ಬಾಣ. ಅಂದರೆ ಈ ಶತ್ರುವಿನ ಮಟ್ಟಿಗೆ 80ಕ್ಕೂ 70ಕ್ಕೂ ವ್ಯತ್ಯಾಸವೇ ಇಲ್ಲ, ಆದರೆ 100ರಿಂದ 99 ಮಾಡಿದರೂ ರಾದ್ಧಾಂತ. ಸಾಮಾನ್ಯ ಶತ್ರುಗಳ ಪ್ರಾಣದ ಪಟ್ಟಿ ಮುಂದಿಟ್ಟುಕೊಂಡು ಎಷ್ಟು ಏಟಿಗೆ ಯಾರು ಬೀಳ್ತಾರೆ ಅಂತ ಹಳೇದು, ಹೊಸದು ಎರಡೂ ಬರೆಯಿರಿ. ತೊಂದರೆ ಬಾಸ್ ಕಾದಾಟದಲ್ಲಿ ಮಾತ್ರ ಇದ್ದರೆ ಬಾಸ್‌ಗೆ ಬಾಣದ ಗುಣಕ ಬೇರೆ ಇಡಿ, ಇಲ್ಲವೇ ಹೆದೆ ಎಳೆಯೋ ಸಮಯ ಸ್ವಲ್ಪ ಹೆಚ್ಚಿಸಿ. ಕೈಗೆ ರೂಢಿಯಾದ "ಎರಡು ಬಾಣ" ಹಾಗೇ ಉಳೀಲಿ.

ಯಾವ ಹೊತ್ತಲ್ಲಿ ಬಿಡ್ತೀರಿ ಅನ್ನೋದೂ ನೋಡಬೇಕು. ಹೆಲ್‌ಡೈವರ್ಸ್ 2ನಲ್ಲಿ 2024ರ ಆಗಸ್ಟ್ 6ರ ಅಪ್‌ಡೇಟ್‌ಗೆ ಫ್ಲೇಮ್‌ಥ್ರೋವರ್ ಬಲ ಕಳೆದುಕೊಂಡಿತು. ಅದೇ ವಾರ ಬೆಂಕಿ ಆಯುಧಗಳದ್ದೇ ವಾರ್‌ಬಾಂಡ್ (ಹೊಸ ಆಯುಧಗಳ ಕಂತು) ಬಂತು. ಇವೆರಡೂ ಒಟ್ಟಿಗೆ ಬಂದದ್ದೇ ಸಿಟ್ಟಿನ ಮೂಲ, ಬರೀ ಅಂಕಿಯಲ್ಲ. ಆಗಸ್ಟ್ 13ಕ್ಕೆ ಗೇಮ್ ಡೈರೆಕ್ಟರ್ 60 ದಿನದ ಯೋಜನೆ ಪ್ರಕಟಿಸಿದರು. ಸೆಪ್ಟೆಂಬರ್ 17ರ ಪ್ಯಾಚ್‌ನಲ್ಲಿ ಹಲವು ಆಯುಧಗಳ ಬಲ ಹೆಚ್ಚಿಸಿದರು. ಗಡುವು ಹೇಳಿ, ಅದಕ್ಕೂ ಮುಂಚೆಯೇ ದೊಡ್ಡ ಕಂತು ತಲುಪಿಸಿದ್ದು ಕೆಲಸ ಮಾಡಿತು.

ಇನ್ನೊಂದು, ಹಳೇ ಆವೃತ್ತಿಯನ್ನು ಕೈಬಿಡಬೇಡಿ. ಸ್ಟೀಮ್‌ವರ್ಕ್ಸ್‌ನಲ್ಲಿ (ಡೆವಲಪರ್‌ಗಳ ನಿರ್ವಹಣಾ ತಾಣ) ಸ್ಟೀಮ್‌ಪೈಪ್ ಕೆಳಗೆ ಬಿಲ್ಡ್ಸ್ ಪುಟಕ್ಕೆ ಹೋಗಿ, ಪಾಸ್‌ವರ್ಡ್ ಇಲ್ಲದ ಹೊಸ ಬ್ರಾಂಚ್ (ಅದೇ ಗೇಮ್‌ನ ಪ್ರತ್ಯೇಕ ಕವಲು) ಮಾಡಿ, ಈಗಿನ ಬಿಲ್ಡನ್ನು (ತಯಾರಾದ ಗೇಮ್ ಪ್ರತಿ) ಅದರಲ್ಲಿ ಲೈವ್ ಮಾಡಿ. ಆಟಗಾರರು ಲೈಬ್ರರಿಯಲ್ಲಿ ಗೇಮ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಬೀಟಾಸ್, ಅಲ್ಲಿ ಆ ಬ್ರಾಂಚ್ ಆರಿಸಿಕೊಂಡರೆ ಆಯ್ತು. ಎಡವೋದು ಎಲ್ಲಿ ಅಂದರೆ ಸೇವ್‌ಗಳನ್ನು ಆನ್‌ಲೈನ್‌ನಲ್ಲಿ ಇಡೋ ಸ್ಟೀಮ್ ಕ್ಲೌಡ್‌ನಲ್ಲಿ. ಅದಕ್ಕೆ ಬ್ರಾಂಚ್‌ನ ಭೇದವಿಲ್ಲ. ಹೊಸ ಬಿಲ್ಡ್ ಬರೆದ ಸೇವ್ ಹಳೇ ಬಿಲ್ಡ್‌ಗೆ ಸಿಕ್ಕಿ ಗೇಮ್ ಕ್ರ್ಯಾಶ್ ಆಗುತ್ತೆ, ಇಲ್ಲವೇ ಖಾಲಿ ಸೇವ್ ಅಂತ ತಿಳಿದು ಮೇಲೇ ಬರೆದುಬಿಡುತ್ತೆ. ಹೊಸ ಫಾರ್ಮ್ಯಾಟ್‌ಗೆ ಬೇರೆ ಫೈಲ್ ಹೆಸರು ಕೊಡಿ, ಹಳೇದನ್ನು ಮುಟ್ಟದೆ ನಕಲು ಮಾಡಿ ಪರಿವರ್ತಿಸಿ. ಫೈಲ್‌ನ ತಲೆಯಲ್ಲಿ ಆವೃತ್ತಿ ಸಂಖ್ಯೆ ಇರಲಿ, ತನಗೆ ಗೊತ್ತಿಲ್ಲದ ಸಂಖ್ಯೆ ಕಂಡರೆ ಗೇಮ್ ಸಂದೇಶ ತೋರಿಸಿ ನಿಲ್ಲಬೇಕು. ಲೀಡರ್‌ಬೋರ್ಡ್ ಇದ್ದರೆ ಹೊಸದು ತೆರೆಯಿರಿ, ಹಳೇ ಬಿಲ್ಲಿನ ಸಮಯಗಳ ಜೊತೆ ಹೊಸವು ಬೆರೆಯಬಾರದು.

ಅಂಕಿಅಂಶ_ಅಕ್ಕ:

ರಿವ್ಯೂ ವಿಷಯ ನಾನು ಹೇಳ್ತೀನಿ. ವಾಲ್ವ್ 2019ರ ಮಾರ್ಚ್‌ನಲ್ಲಿ ಆಫ್-ಟಾಪಿಕ್ ರಿವ್ಯೂಗಳ ವ್ಯವಸ್ಥೆ ತಂತು. ಏಕಾಏಕಿ ಏರಿಳಿತ ಕಂಡರೆ ಸಾಫ್ಟ್‌ವೇರ್ ಸೂಚನೆ ಕೊಡುತ್ತೆ, ಮನುಷ್ಯರು ಪರಿಶೀಲಿಸ್ತಾರೆ, ವಿಷಯಕ್ಕೆ ಸಂಬಂಧವಿಲ್ಲ ಅನ್ನಿಸಿದರೆ ಆ ಅವಧಿಯನ್ನು ಗುರುತು ಮಾಡ್ತಾರೆ. ರಿವ್ಯೂಗಳು ಅಳಿಯಲ್ಲ, ಅಂಕಕ್ಕೆ ಮಾತ್ರ ಸೇರಲ್ಲ. ಅವಧಿ ಪೂರ್ತಿ ಹೋಗೋದರಿಂದ ಆ ದಿನಗಳಲ್ಲಿ ಬಂದ ಒಳ್ಳೇ ರಿವ್ಯೂಗಳೂ ಹೋಗುತ್ತವೆ. ಡಿಆರ್‌ಎಂ (ನಕಲು ತಡೆ), ಇಯುಎಲ್‌ಎ (ಬಳಕೆದಾರರ ಒಪ್ಪಂದ) ಬದಲಾವಣೆಗಳ ಮೇಲಿನ ಸಿಟ್ಟನ್ನೂ ಆಫ್-ಟಾಪಿಕ್ ಲೆಕ್ಕಕ್ಕೇ ಸೇರಿಸೋದಾಗಿ ಆಗಲೇ ಹೇಳಿದ್ದರು. ನಿಮ್ಮ ಬಿಲ್ಲು, ಸೇವ್ ಎರಡೂ ಆಟದ ಒಳಗಿನವೇ. ಹಾಗಾಗಿ ಆ ದಾರಿ ನಂಬಿಕೊಂಡು ಕೂರಬೇಡಿ.

ಸ್ಟೋರ್ ಪುಟದಲ್ಲಿ ಒಟ್ಟಾರೆ ಅಂಕ ಒಂದು, ಕಳೆದ 30 ದಿನದ್ದು ಇನ್ನೊಂದು. ಶೇ. 70ರ ಕೆಳಗಿಳಿದರೆ "ಮಿಕ್ಸ್ಡ್", 40ರ ಕೆಳಗೆ "ಮೋಸ್ಟ್ಲಿ ನೆಗೆಟಿವ್". ಸಣ್ಣ ಗೇಮ್‌ಗೆ ಮೊದಲು ಬೀಳೋದು 30 ದಿನದ ಅಂಕ.

ಸಿಟ್ಟನ್ನು ಅಳೆಯೋಕೆ ಸ್ಟೀಮ್‌ನ ಆಪ್‌ರಿವ್ಯೂಸ್ ಎಪಿಐ (ಪ್ರೋಗ್ರಾಂ ಮೂಲಕ ರಿವ್ಯೂ ಡೇಟಾ ಪಡೆಯೋ ದಾರಿ) ಇದೆ, ಕೀ ಬೇಕಿಲ್ಲ. ಭಾಷೆ "ಆಲ್", ಪರ್ಚೇಸ್ ಟೈಪ್ "ಆಲ್", ಪುಟಕ್ಕೆ 100 ಅಂತ ಕೊಟ್ಟು, ಪ್ರತಿ ಉತ್ತರದಲ್ಲಿ ಬರೋ ಕರ್ಸರನ್ನು ಯುಆರ್‌ಎಲ್ ಎನ್‌ಕೋಡ್ ಮಾಡಿ ಮುಂದಿನ ಕರೆಗೆ ಕಳಿಸಿ. ಎನ್‌ಕೋಡ್ ಮರೆತರೆ ಮುಂದಿನ ಪುಟ ಸರಿಯಾಗಿ ಬರಲ್ಲ. ಫಿಲ್ಟರ್ "ರೀಸೆಂಟ್" ಬೇಡ, "ಅಪ್‌ಡೇಟೆಡ್" ಇಡಿ. ಹಳೇ ಆಟಗಾರರು ಹೊಸ ರಿವ್ಯೂ ಬರೆಯಲ್ಲ, ಎಂದೋ ಬರೆದ ಒಳ್ಳೇ ರಿವ್ಯೂವನ್ನೇ ತಿದ್ದಿ ಕೆಂಪು (ನೆಗೆಟಿವ್) ಮಾಡ್ತಾರೆ. ಬರೆದ ದಿನಾಂಕದ ಪ್ರಕಾರ ಜೋಡಿಸಿದರೆ ಅವರು ಕಾಣೋದೇ ಇಲ್ಲ. ನಿಮಗೆ ಮುಖ್ಯವಾದವರು ಅವರೇ.

ಬಂದ ಡೇಟಾದಲ್ಲಿ ರಿವ್ಯೂ ಬರೆಯೋ ಹೊತ್ತಿಗೆ ಎಷ್ಟು ಆಡಿದ್ದರು ಅನ್ನೋದು ನಿಮಿಷಗಳಲ್ಲಿ ಇರುತ್ತೆ. 120 ನಿಮಿಷದೊಳಗಿನವರನ್ನು ಬೇರೆ ಗುಂಪು ಮಾಡಿ. ಅದು ರಿಫಂಡ್ ಮಿತಿ, ಖರೀದಿಸಿ 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ವಾಪಸ್. ಈ ಗುಂಪಿನ ದೂರುಗಳು ಸಾಮಾನ್ಯವಾಗಿ ಕ್ರ್ಯಾಶ್, ನಿಧಾನಗತಿ, ಟ್ಯುಟೋರಿಯಲ್ ಬಗ್ಗೆ ಇರುತ್ತವೆ. ನೂರಾರು ಗಂಟೆ ಆಡಿದವರದ್ದು ಬಿಲ್ಲಿನ ಬಗ್ಗೆ. ಇಬ್ಬರಿಗೂ ಒಂದೇ ಉತ್ತರ ಕೊಟ್ಟರೆ ಇಬ್ಬರಿಗೂ ಮುಟ್ಟಲ್ಲ.

ಭಾಷೆವಾರು ಕೂಡ ಒಡೆದು ನೋಡಿ. 2025ರ ಸೆಪ್ಟೆಂಬರ್‌ನಲ್ಲಿ ಹಾಲೋ ನೈಟ್: ಸಿಲ್ಕ್‌ಸಾಂಗ್ ಬಂದಾಗ ಬೇರೆ ಭಾಷೆಗಳಲ್ಲಿ ಹೊಗಳಿಕೆ, ಸರಳೀಕೃತ ಚೀನೀ ರಿವ್ಯೂಗಳಲ್ಲಿ ಮಾತ್ರ ಅನುವಾದದ ಬಗ್ಗೆ ಅಸಮಾಧಾನ. ಒಟ್ಟು ಅಂಕ ನೋಡಿ ಕೂತಿದ್ದರೆ ಕಾರಣ ಹೊಳೀತಾನೇ ಇರಲಿಲ್ಲ.

ಡೆವಲಪರ್ ಉತ್ತರವನ್ನು ಎಲ್ಲ ಕೆಂಪು ರಿವ್ಯೂಗೂ ಅಂಟಿಸಬೇಡಿ. "ಹೆಲ್ಪ್‌ಫುಲ್" ವೋಟು ಹೆಚ್ಚು ಬಿದ್ದಿರೋ ಕೆಲವಕ್ಕೆ, ದೋಷ ಸರಿಹೋದ ಬಿಲ್ಡ್ ಸಂಖ್ಯೆ ಸಮೇತ ಬರೆಯಿರಿ. ರಿವ್ಯೂ ಬದಲಿಸಿ ಅಂತ ಬೇಡಿಕೊಳ್ಳೋದು, ಬದಲಿಸಿದರೆ ಏನಾದರೂ ಕೊಡ್ತೀವಿ ಅನ್ನೋದು ಕೂಡದು. ಆಮಿಷ ಸ್ಟೀಮ್ ನಿಯಮಕ್ಕೇ ವಿರುದ್ಧ.

ರಾತ್ರಿಪಾಳಿ_ಗೇಮರ್:

ಆಟಗಾರರ ಕಡೆಯಿಂದ ಒಂದು ಮಾತು. ಮೊದಲ ಪ್ರಶ್ನೆಯೇ "ತೆಗೆಸಬಹುದಾ" ಅಂತ ಇದೆ, ಅದು ಸರಿ ಕಾಣಲ್ಲ. ಹೆಲ್‌ಡೈವರ್ಸ್ 2 ಹೆಸರು ಬಂದಿದೆ, ಆದರೆ ಅದರ ದೊಡ್ಡ ಗಲಾಟೆ 2024ರ ಮೇ ತಿಂಗಳದ್ದು. ಪಿಸಿ ಆಟಗಾರರೂ ಪಿಎಸ್‌ಎನ್ (ಸೋನಿಯ ಪ್ಲೇಸ್ಟೇಷನ್ ಆನ್‌ಲೈನ್ ಸೇವೆ) ಖಾತೆ ಜೋಡಿಸಲೇಬೇಕು ಅಂತ ಮೇ 3ಕ್ಕೆ ಸೋನಿ ಹೇಳಿತು. ಪಿಎಸ್‌ಎನ್ ಇಲ್ಲದ ದೇಶಗಳಲ್ಲೂ ಗೇಮ್ ಮಾರಿಯಾಗಿತ್ತು. ದುಡ್ಡು ಕೊಟ್ಟವರು ಖಾತೆ ತೆರೆಯೋದಾದರೂ ಎಲ್ಲಿ? ಭಾರತದಲ್ಲಿ ಪಿಎಸ್‌ಎನ್ ಇರೋದರಿಂದ ನಮಗೆ ಆ ಬಿಸಿ ತಟ್ಟಲಿಲ್ಲ. ಎರಡು ಲಕ್ಷಕ್ಕೂ ಹೆಚ್ಚು ಕೆಂಪು ರಿವ್ಯೂ ಬಿದ್ದವು, ಮೇ 6ರ ಹೊತ್ತಿಗೆ ಸೋನಿ ಹಿಂದೆ ಸರಿಯಿತು. ಆಮೇಲೆ ಅದೇ ಆಟಗಾರರು ರಿವ್ಯೂಗಳನ್ನು ಮತ್ತೆ ನೀಲಿ (ಪಾಸಿಟಿವ್) ಮಾಡೋಕೆ ತಾವೇ ಅಭಿಯಾನ ನಡೆಸಿದರು. ಆ ಕೆಂಪು ರಿವ್ಯೂಗಳೇ ಇಲ್ಲದಿದ್ದರೆ ಆ ದೇಶಗಳವರ ಮಾತು ಯಾರ ಕಿವಿಗೂ ಬೀಳ್ತಿರಲಿಲ್ಲ.

ನಿಜವಾಗಿ ನಂಬಿಕೆ ಮುರಿಯೋದು ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡಾಗ. 2017ರ ನವೆಂಬರ್‌ನಲ್ಲಿ ಇಂಥವು ಎರಡು ಆದವು. ಸ್ಟಾರ್ ವಾರ್ಸ್ ಬ್ಯಾಟಲ್‌ಫ್ರಂಟ್ 2ನಲ್ಲಿ ಡಾರ್ತ್ ವೇಡರ್‌ನ ಬೆಲೆ 60,000 ಕ್ರೆಡಿಟ್ ಇದ್ದದ್ದು 15,000 ಆಯ್ತು, ಎಲ್ಲರೂ ಸಮಾಧಾನಪಟ್ಟರು. ಕ್ಯಾಂಪೇನ್ ಮುಗಿಸಿದ್ದಕ್ಕೆ ಸಿಗೋ ಬಹುಮಾನವನ್ನೂ 20,000ದಿಂದ 5,000ಕ್ಕೆ ಇಳಿಸಿದ್ದು ಆಮೇಲೆ ಗೊತ್ತಾಯ್ತು. ಡೆಸ್ಟಿನಿ 2ನಲ್ಲಿ ಪರದೆ ಮೇಲೆ ತೋರಿಸೋ ಎಕ್ಸ್‌ಪಿಗೂ (ಅನುಭವದ ಅಂಕ) ನಿಜವಾಗಿ ಸೇರೋದಕ್ಕೂ ತಾಳೆ ಇಲ್ಲ ಅನ್ನೋದನ್ನು ಆಟಗಾರರೇ ಅಳೆದು ತೋರಿಸಿದರು. ಅದರ ತಯಾರಕ ಕಂಪನಿ ಬಂಗಿ ಒಪ್ಪಿಕೊಂಡು ಆ ಲೆಕ್ಕ ತೆಗೆಯಿತು, ಜೊತೆಗೆ ಒಂದು ಲೆವೆಲ್‌ಗೆ ಬೇಕಾದ ಎಕ್ಸ್‌ಪಿಯನ್ನು 80,000ದಿಂದ 1,60,000ಕ್ಕೆ ಏರಿಸಿತು. ಅದನ್ನೂ ಪ್ರಕಟಣೆಯಲ್ಲಿ ಹೇಳಲಿಲ್ಲ, ಆಟಗಾರರೇ ಕಂಡುಹಿಡಿದರು.

ಫೈಲ್ ಬಿಚ್ಚಿ ನೋಡೋರು ಪ್ರತಿ ಗೇಮ್‌ಗೂ ಇದ್ದಾರೆ. ಬಿಲ್ಲು ಇಳಿಸೋ ಪ್ಯಾಚ್‌ನಲ್ಲಿ ಬೇರೆ ಯಾವ ಅಂಕಿ ಬದಲಾದರೂ, ಶೇ. 1 ಆದರೂ, ನೋಟ್ಸ್‌ನಲ್ಲಿ ಬರೆಯಿರಿ. ಡೇಟಾ ಟೇಬಲ್‌ಗಳ ಹಳೇ-ಹೊಸ ಆವೃತ್ತಿ ಹೋಲಿಸಿ ಬದಲಾದ ಸಾಲುಗಳನ್ನೆಲ್ಲ ಹೊರತೆಗೆಯೋ ಸಣ್ಣ ಸ್ಕ್ರಿಪ್ಟ್ ಇಟ್ಟುಕೊಳ್ಳಿ, ನೋಟ್ಸ್‌ಗೆ ಅದೇ ಮೂಲ ಆಗಲಿ. ನೆನಪಿನಿಂದ ಬರೆದರೆ ಏನೋ ಒಂದು ತಪ್ಪಿಹೋಗುತ್ತೆ, ಅದನ್ನು ಮುಚ್ಚಿಟ್ಟಿದ್ದು ಅಂತಲೇ ಓದ್ತಾರೆ.

ಪಿಕ್ಸೆಲ್_ಪಾತ್ರಧಾರಿ:

ರಾತ್ರಿಪಾಳಿಯವರೇ, ಒಪ್ಪಿದೆ. ಬಾಣದ ಲೆಕ್ಕ ನೋಡಿದ ಮೇಲೆ ಬಾಸ್ ಗುಣಕದ ದಾರಿಯೇ ಸರಿ ಅನ್ನಿಸ್ತಿದೆ. ಮಾಡ್‌ಗಳದ್ದು ಮತ್ತು ಡಿಸ್ಕಾರ್ಡ್‌ದು ಯಾರಾದರೂ ಹೇಳಿ. ಬ್ಯಾಲೆನ್ಸ್ ನೋಡಿಕೊಳ್ಳೋರ ಹೆಸರು ಹಿಡಿದು ವೈಯಕ್ತಿಕ ಸಂದೇಶಗಳು ಶುರುವಾಗಿವೆ, ಒಂದೆರಡು ಬೆದರಿಕೆ ಥರ ಇವೆ.

ಮಾಡ್‌ಮನೆ:

ಮಾಡ್ ಮುರಿಯೋದಕ್ಕೆ ಯಾರೂ ದ್ವೇಷ ಕಟ್ಟಿಕೊಳ್ಳಲ್ಲ, ಮುಂಚೆ ಹೇಳದೆ ಮುರಿದರೆ ಕಟ್ಟಿಕೊಳ್ತಾರೆ. ಹೊಸ ಬಿಲ್ಡನ್ನು ಪಾಸ್‌ವರ್ಡ್ ಇರೋ ಬ್ರಾಂಚ್‌ನಲ್ಲಿ ಹಾಕಿ, ಹೆಚ್ಚು ಜನ ಬಳಸೋ ಮಾಡ್‌ಗಳನ್ನು ಮಾಡಿದವರಿಗೆ ಪಾಸ್‌ವರ್ಡ್ ಕೊಡಿ, ಎರಡು ವಾರವಾದರೂ ಸಮಯ ಬಿಡಿ. ಹಳೇ ಫೋಲ್ಡರ್ ಯಾವುದು, ಹೊಸದು ಯಾವುದು, ಯಾವ ಐಡಿ ಬದಲಾಯ್ತು ಅಂತ ಒಂದು ಪಟ್ಟಿ ಸಾಕು. ಸಾಧ್ಯವಿದ್ದರೆ ಹಳೇ ದಾರಿಯಲ್ಲಿ ಫೈಲ್ ಸಿಕ್ಕರೆ ಅದನ್ನೂ ಓದಿ ಲಾಗ್‌ನಲ್ಲಿ ಎಚ್ಚರಿಕೆ ಹಾಕೋ ಹಾಗೆ ಮಾಡಿ. ಎಷ್ಟೋ ಮಾಡ್‌ಗಳು ತಿದ್ದದೆಯೇ ಬದುಕುತ್ತವೆ. ಪ್ಯಾಚ್ ದಿನ ಬರೋ ಬಗ್ ವರದಿಗಳಲ್ಲಿ ಬಹಳಷ್ಟು ಹಳೇ ಮಾಡ್‌ನದ್ದೇ ಆಗಿರುತ್ತೆ, ಕ್ರ್ಯಾಶ್ ಲಾಗ್‌ನ ಮೊದಲ ಸಾಲಲ್ಲೇ ಲೋಡ್ ಆದ ಮಾಡ್‌ಗಳ ಹೆಸರು ಬಂದರೆ ನಿಮ್ಮ ಅರ್ಧ ಕೆಲಸ ಉಳೀತು.

ಕಾನೂನಿನ ದೊಣ್ಣೆ ಮಾತ್ರ ಎತ್ತಬೇಡಿ. 2017ರ ಜೂನ್‌ನಲ್ಲಿ ಟೇಕ್-ಟು ಕಂಪನಿ ಜಿಟಿಎ 5ರ ಮಾಡ್‌ಗಳಿಗೆ ಆಧಾರವಾಗಿದ್ದ ಓಪನ್‌ಐವಿ ಅನ್ನೋ ಸಾಧನದ ತಂಡಕ್ಕೆ ನೋಟಿಸ್ ಕೊಟ್ಟಿತು. ಒಬ್ಬರೇ ಆಡೋ ಮಾಡ್‌ಗಳ ಮೇಲೆ ಕೈಹಾಕಿದ್ದಕ್ಕೆ ಸ್ಟೀಮ್ ಪುಟ ಕೆಂಪಾಯ್ತು. ಅದೇ ತಿಂಗಳಲ್ಲಿ ಜಿಟಿಎ ತಯಾರಕ ರಾಕ್‌ಸ್ಟಾರ್ ಒಬ್ಬರೇ ಆಡೋ ಮಾಡ್‌ಗಳಿಗೂ ಆನ್‌ಲೈನ್‌ಗೂ ಗೆರೆ ಎಳೆದು ಹೇಳಿಕೆ ಕೊಟ್ಟಿತು, ಓಪನ್‌ಐವಿ ವಾಪಸ್ ಬಂತು. ಆ ಗೆರೆಯನ್ನು ನೀವು ಈಗಲೇ ಬರೆದಿಡಿ: ಒಬ್ಬರೇ ಆಡುವಾಗ ಏನು ಬೇಕಾದರೂ ಬದಲಿಸಿ, ಲೀಡರ್‌ಬೋರ್ಡ್‌ಗೆ ಹೋಗೋ ಆಟದಲ್ಲಿ ಮಾಡ್ ಬೇಡ. ಹಣದ ವಿಷಯ ತಂದರೆ ಇನ್ನೂ ಸೂಕ್ಷ್ಮ. ಸ್ಕೈರಿಮ್ ಮಾಡ್‌ಗಳ ಮಾರಾಟ 2015ರ ಏಪ್ರಿಲ್ 23ಕ್ಕೆ ಶುರುವಾಗಿ ಏಪ್ರಿಲ್ 27ಕ್ಕೆ ನಿಂತಿತು. ಮಾಡಿದವರಿಗೆ ಸಿಗ್ತಿದ್ದದ್ದು ಶೇ. 25 ಮಾತ್ರ.

ಚಾವಡಿ_ಕಾವಲು:

ಡಿಸ್ಕಾರ್ಡ್: ಪ್ಯಾಚ್‌ಗೆ ಅಂತಲೇ ಫೋರಂ ಚಾನೆಲ್ ತೆರೆದು ಬಿಲ್ಲು, ಸೇವ್, ಮಾಡ್ ಅಂತ ಮೂರು ಟ್ಯಾಗ್ ಇಡಿ. ಸಾಮಾನ್ಯ ಚಾನೆಲ್‌ನಲ್ಲಿ ಸ್ಲೋಮೋಡ್ (ಒಬ್ಬರ ಎರಡು ಸಂದೇಶಗಳ ನಡುವಿನ ಕಡ್ಡಾಯ ಅಂತರ) 30 ಸೆಕೆಂಡ್ ಸಾಕು, ಗಂಟೆಗಟ್ಟಲೆ ಇಟ್ಟರೆ ಜನ ರೆಡಿಟ್‌ಗೆ ಹೋಗಿ ಅಲ್ಲೇ ಬೈತಾರೆ. ವೆರಿಫಿಕೇಶನ್ ಮಟ್ಟವನ್ನು "ಹೈ"ಗೆ ಏರಿಸಿದರೆ ಸರ್ವರ್ ಸೇರಿ ಹತ್ತು ನಿಮಿಷ ಆಗೋವರೆಗೂ ಬರೆಯೋಕೆ ಆಗಲ್ಲ, ಹೊರಗಿಂದ ಗುಂಪಾಗಿ ನುಗ್ಗೋರಿಗೆ ಇದು ತಡೆ. "ಈ ಪ್ಯಾಚ್ ದರಿದ್ರ" ಅಂತ ಬರೆದದ್ದು ಉಳೀಲಿ. "ಇದನ್ನು ಮಾಡಿದವನು..." ಅಂತ ಶುರುವಾಗೋದು ಅಳೀಲಿ. ಮಾಡರೇಟರ್‌ಗಳಿಗೆ ಈ ಒಂದು ಗೆರೆ ಸಾಕು. ಟೀಕೆ ಅಳಿಸಿದ ಒಂದೇ ಒಂದು ಸ್ಕ್ರೀನ್‌ಶಾಟ್ ಹೊರಗೆ ಹೋದರೆ ನಿಮ್ಮ ವಿವರಣೆ ಯಾರೂ ಕೇಳಲ್ಲ.

ಬೆದರಿಕೆಗಳನ್ನು ಹಗುರವಾಗಿ ತಗೋಬೇಡಿ. 2016ರಲ್ಲಿ ನೋ ಮ್ಯಾನ್ಸ್ ಸ್ಕೈ ಜೂನ್‌ನಿಂದ ಆಗಸ್ಟ್‌ಗೆ ಮುಂದೂಡಿದ್ದಕ್ಕೇ ಅದರ ತಯಾರಕರಿಗೆ ಕೊಲೆ ಬೆದರಿಕೆ ಬಂದಿತ್ತು. ಅಮೆರಿಕದಲ್ಲಿ ಡೆಸ್ಟಿನಿ 2ರ ಸಮುದಾಯ ನಿರ್ವಾಹಕರನ್ನು ಕಾಡಿಸಿದ ಆಟಗಾರನೊಬ್ಬ ಬಂಗಿಗೆ 4,89,000 ಡಾಲರ್‌ಗೂ ಹೆಚ್ಚು ಕೊಡಬೇಕು ಅಂತ 2023ರಲ್ಲಿ ಕೋರ್ಟ್ ಆದೇಶ ಕೊಟ್ಟಿತು. ಹಾಗಾಗಿ ದಾಖಲೆ ಕೈಯಲ್ಲಿರಲಿ. ನೀವು ಮಾಡಬೇಕಾದ್ದು ಇಷ್ಟು. ಡಿಸ್ಕಾರ್ಡ್ ಸೆಟ್ಟಿಂಗ್ಸ್‌ನಲ್ಲಿ ಡೆವಲಪರ್ ಮೋಡ್ ಆನ್ ಮಾಡಿ, ಸಂದೇಶದ ಲಿಂಕ್ ಮತ್ತು ಬರೆದವರ ಯೂಸರ್ ಐಡಿ ನಕಲು ಮಾಡಿ. ಹೆಸರು ಬದಲಿಸಬಹುದು, ಐಡಿ ಬದಲಾಗಲ್ಲ. ದಿನ, ಸಮಯ ಕಾಣೋ ಸ್ಕ್ರೀನ್‌ಶಾಟ್ ತೆಗೆಯಿರಿ. ಡಿಸ್ಕಾರ್ಡ್‌ಗೆ ರಿಪೋರ್ಟ್ ಮಾಡೋವರೆಗೂ ಸಂದೇಶ ಅಳಿಸಬೇಡಿ, ಅಳಿಸಿದರೆ ಅವರಿಗೆ ನೋಡೋಕೆ ಏನೂ ಉಳಿದಿರಲ್ಲ. ಆಮೇಲೆ ರಾಷ್ಟ್ರೀಯ ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ ಅಥವಾ ನಿಮ್ಮೂರಿನ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಠಾಣೆಯಲ್ಲಿ ದೂರು ಕೊಡಿ. ಆ ಸಹೋದ್ಯೋಗಿಯ ಹೆಸರಲ್ಲಿ ಇನ್ನು ಮುಂದೆ ಬ್ಯಾಲೆನ್ಸ್ ಪ್ರಕಟಣೆ ಬರೋದೇ ಬೇಡ, ತಂಡದ ಖಾತೆಯಿಂದ ಬರಲಿ. ಅವರ ಇನ್‌ಬಾಕ್ಸನ್ನು ಕೆಲವು ದಿನ ಬೇರೆಯವರು ನೋಡಲಿ.

ಪಿಕ್ಸೆಲ್_ಪಾತ್ರಧಾರಿ:

ತುಂಬಾ ಉಪಕಾರ. ಕೊನೇದೊಂದು: ಪ್ಯಾಚ್ ಬಿಟ್ಟ ಮೇಲೆ ಮಾತಾಡ್ತಾ ಇರಬೇಕಾ, ಸುಮ್ಮನೆ ಕೆಲಸ ಮಾಡಬೇಕಾ? ನೋ ಮ್ಯಾನ್ಸ್ ಸ್ಕೈ ತಂಡ ಸುಮ್ಮನಿದ್ದೇ ಗೆದ್ದಿತು ಅಂತಾರಲ್ಲ.

ತಿದ್ದುಪಡಿ_ರಾಯ:

ಅವರು 2016ರ ಆಗಸ್ಟ್‌ನಿಂದ ನವೆಂಬರ್‌ವರೆಗೆ ಮೌನವಾಗಿದ್ದು ಫೌಂಡೇಶನ್ ಅಪ್‌ಡೇಟ್ ಕೊಟ್ಟರು, ನಿಜ. ಆದರೆ ನೆಕ್ಸ್ಟ್ ಅನ್ನೋ ದೊಡ್ಡ ಅಪ್‌ಡೇಟ್ ಬಂದದ್ದು 2018ರ ಜುಲೈಗೆ, ಸ್ಟೀಮ್‌ನ ಒಟ್ಟಾರೆ ಅಂಕ "ವೆರಿ ಪಾಸಿಟಿವ್" ಮುಟ್ಟಿದ್ದು 2024ರ ನವೆಂಬರ್‌ಗೆ. ಎಂಟು ವರ್ಷ ತಡೆದುಕೊಳ್ಳೋ ದುಡ್ಡು ಅವರ ಹತ್ತಿರ ಇತ್ತು. ನಾಲ್ಕು ಜನರ ಅರ್ಲಿ ಆಕ್ಸೆಸ್ ತಂಡಕ್ಕೆ ಅದು ಆಗದ ಮಾತು. ಪ್ಯಾಚ್ ಬಿಟ್ಟ 24 ಗಂಟೆಯೊಳಗೆ ಗೊತ್ತಿರೋ ದೋಷಗಳ ಪಟ್ಟಿ ಹಾಕಿ ಪಿನ್ ಮಾಡಿ, ಯಾವುದು ಸಿಕ್ಕಿದೆ, ಯಾವುದು ಹುಡುಕ್ತಿದ್ದೀರಿ, ಯಾವುದು ಬದಲಾಗಲ್ಲ ಅಂತ ಬರೆದು. "ಬದಲಾಗಲ್ಲ" ಅನ್ನೋ ಸಾಲು ಖಾಲಿ ಬಿಡಬೇಡಿ, ಜನ ಅದಕ್ಕೇ ಕಾಯ್ತಿರ್ತಾರೆ. ಶುಕ್ರವಾರ ಬಿಡಬೇಡಿ. ಮಂಗಳವಾರ ಬಿಟ್ಟರೆ ಹಾಟ್‌ಫಿಕ್ಸ್‌ಗೆ (ತುರ್ತು ತಿದ್ದುಪಡಿ) ಮೂರು ಕೆಲಸದ ದಿನ ಕೈಯಲ್ಲಿರುತ್ತೆ.