ವೆಂಕಣ್ಣನ ಮದುವೆ

“ಹುಡುಗಿ ಯಾವ ಊರಿನವಳು?” ಎಂದು ಪದ್ದಕ್ಕ ಕೇಳಿದ್ದೇ ತಡ, ವೆಂಕಣ್ಣನಿಗೆ ಕಾಫಿ ನೆತ್ತಿಗೆ ಹತ್ತಿತು.

“ಯಾವ ಹುಡುಗಿ?”

“ಪತ್ರಿಕೆ ಕಳಿಸಿದವನು ನೀನು, ಕೇಳುವವಳು ನಾನೋ? ‘ನಮ್ಮ ಮದುವೆಗೆ ತಪ್ಪದೇ ಬನ್ನಿ’ ಎಂದು ರಾತ್ರಿ ಎರಡೂವರೆಗೆ ಕಳಿಸಿದ್ದೀಯ. ಎಪ್ಪತ್ತೆರಡರ ವರನಿಗೆ ಬೆಳಗಾಗುವವರೆಗೆ ಕಾಯಲು ಪುರುಸೊತ್ತು ಎಲ್ಲಿರುತ್ತದೆ, ಬಿಡು.”

ಪತ್ರಿಕೆ ಸುಬ್ಬುವಿಗೂ ಬಂದಿತ್ತು, ಮೂರ್ತಿಗೂ ಬಂದಿತ್ತು. ನಿವೃತ್ತರ ಸಂಘದ ಗುಂಪಿಗೆ, ಹಾಲಿನವನಿಗೆ, ವೆಂಕಣ್ಣನ ಮೊಣಕಾಲು ನೋಡುವ ಡಾಕ್ಟರಿಗೂ ಹೋಗಿತ್ತು.

“ತಮಾಷೆ ಗೊತ್ತೇ?” ಎಂದ ಮೂರ್ತಿ. “ನಿನ್ನೆ ಸಂಜೆಯಷ್ಟೇ ಈ ಮಹಾನುಭಾವ ನಮಗೆಲ್ಲ ವೈರಸ್ ಎಚ್ಚರಿಕೆ ರವಾನಿಸಿದ್ದ. ಪೋಪ್ ಕುಣಿಯುವ ವಿಡಿಯೊ ತೆರೆದರೆ ಫೋನಿನಲ್ಲಿರುವುದೆಲ್ಲ ಅಳಿಸಿಹೋಗುತ್ತದಂತೆ, ಎಲ್ಲರಿಗೂ ತಿಳಿಸಬೇಕಂತೆ. ಆ ಪೋಪ್ ಕುಣಿದದ್ದನ್ನು ಕಂಡವರಿಲ್ಲ. ಎಚ್ಚರಿಕೆ ಮಾತ್ರ ವರ್ಷಗಟ್ಟಲೆಯಿಂದ ಊರೂರು ಸುತ್ತುತ್ತಿದೆ.”

“ನಾಲ್ಕು ಜನಕ್ಕೆ ಒಳ್ಳೆಯದಾಗಲಿ ಎಂದು ಕಳಿಸಿದೆ.”

“2002ರಲ್ಲೂ ನಿನ್ನಂಥ ಪರೋಪಕಾರಿಗಳು ಇದ್ದರು. ‘ಕರಡಿಮರಿಯ ಗುರುತಿರುವ ಕಡತ ನಿಮ್ಮ ಕಂಪ್ಯೂಟರಿನಲ್ಲಿದ್ದರೆ ಅದು ವೈರಸ್, ಅಳಿಸಿ, ಎಲ್ಲರಿಗೂ ತಿಳಿಸಿ’ ಎಂದು ಇಮೇಲ್ ಹೊರಟಿತು. ಜನ ಹುಡುಕಿದರು. ಕರಡಿ ಸಿಕ್ಕಿಯೂ ಸಿಕ್ಕಿತು! ಸಿಗದೆ ಏನು? ಅದು ವಿಂಡೋಸ್ ಜೊತೆಯಲ್ಲೇ ಬಂದಿದ್ದ ಸಾಧುಪ್ರಾಣಿ. ಹೊಡೆದು ಹಾಕಿ, ಊರಿಗೆಲ್ಲ ಡಂಗುರ ಸಾರಿದರು. ವೈರಸ್ ಬರೆಯುವ ಶ್ರಮವನ್ನೂ ಯಾರೂ ಪಡಲಿಲ್ಲ. ಹಾಳು ಮಾಡುವುದು, ಹರಡುವುದು ಎರಡನ್ನೂ ಪರೋಪಕಾರಿಗಳೇ ವಹಿಸಿಕೊಂಡರು.”

“ನಾನು ಯಾವ ಕರಡಿಯನ್ನೂ ಮುಟ್ಟಿಲ್ಲ,” ಎಂದ ವೆಂಕಣ್ಣ.

ಅಷ್ಟರಲ್ಲಿ ಸುಬ್ಬು ಅವನ ಫೋನನ್ನು ಕಿತ್ತುಕೊಂಡು ಏರೋಪ್ಲೇನ್ ಮೋಡಿಗೆ ಹಾಕಿದ್ದ. “ನಿನ್ನೆ ನಿಮಗೂ ಒಂದು ಪತ್ರಿಕೆ ಬಂದಿದೆಯಲ್ಲ?”

“ಹಾಸನದಲ್ಲಿ ಜೊತೆಗೆ ಕೆಲಸ ಮಾಡಿದವನದು. ಮಗಳ ಮದುವೆಯಿರಬಹುದು ಎಂದು ತೆರೆದೆ.”

“ಹೆಸರಿನ ಕೊನೆಯಲ್ಲಿ ಎಪಿಕೆ ಎಂದಿದೆ, ನೋಡಿ. ಚಿತ್ರವೂ ಅಲ್ಲ, ಪಿಡಿಎಫ್ಫೂ ಅಲ್ಲ, ಇದು ಆಪ್. ನಿಮ್ಮ ಎಸ್‌ಎಂಎಸ್ ಓದಿ ಒಟಿಪಿ ಕದಿಯುತ್ತದೆ. ಆಮೇಲೆ ನಿಮ್ಮ ಹೆಸರಿನಲ್ಲೇ ಪತ್ರಿಕೆ ಹಂಚುತ್ತದೆ. ಹಾಕಿಕೊಳ್ಳುವಾಗ ಫೋನು ನಿಮ್ಮನ್ನು ಏನೂ ಕೇಳಲಿಲ್ಲವೇ?”

“ಏನೇನೋ ಕೇಳಿತು. ಮದುವೆ ಮನೆಯವರಲ್ಲವೇ, ಇಲ್ಲ ಎನ್ನಬಾರದೆಂದು ಎಲ್ಲದಕ್ಕೂ ಒಪ್ಪಿಗೆ ಕೊಟ್ಟೆ.”

“ರಾವಣ ಬಂದದ್ದೂ ಹತ್ತು ತಲೆ ತೋರಿಸಿಕೊಂಡಲ್ಲ, ಕಾವಿ ಉಟ್ಟುಕೊಂಡು,” ಎಂದ ಮೂರ್ತಿ. “ಆ ಪುಣ್ಯಾತ್ಗಿತ್ತಿಯಾದರೂ ಭಿಕ್ಷೆ ನೀಡಲು ಗೆರೆ ದಾಟಿದಳು. ನೀನು ಗೆರೆಯನ್ನೇ ಒರೆಸಿ, ಒಳಗೆ ಕರೆದು, ಮಣೆ ಹಾಕಿದ್ದೀಯ.”

“ಈ ಫೋನಿಗೆ ಆಂಟಿವೈರಸ್ ಹಾಕಿಸಿದ್ದೆನಲ್ಲ!”

“ಅಪ್‌ಡೇಟ್ ಮಾಡಿದ್ದೀರಾ?” ಎಂದ ಸುಬ್ಬು.

“ನಾಳೆ ಮಾಡೋಣವೆಂದು…”

“2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಎಂಬ ದುಷ್ಟ ತಂತ್ರಾಂಶ ಬಂದು ಬ್ರಿಟನ್ನಿನ ಎಷ್ಟೋ ಆಸ್ಪತ್ರೆಗಳ ಕಂಪ್ಯೂಟರುಗಳಿಗೆ ಬೀಗ ಜಡಿಯಿತು. ಮೈಕ್ರೋಸಾಫ್ಟ್ ಅದಕ್ಕೆ ಮದ್ದು ಕೊಟ್ಟು ಎರಡು ತಿಂಗಳಾಗಿತ್ತು. ಅವರೂ ನಾಳೆ ಎಂದೇ ಇದ್ದರು.”

ಪದ್ದಕ್ಕನಿಗೆ ಬ್ರಿಟನ್ ಬೇಕಿರಲಿಲ್ಲ. “ಪೆನ್ಷನ್ ಹಣ ಇದೆಯೋ, ಹೋಯಿತೋ?”

ಇದೆ. ಬ್ಯಾಂಕಿಗೆ ಕೊಟ್ಟ ನಂಬರು ವೆಂಕಣ್ಣನ ಹಳೆಯ ಗುಂಡಿ ಫೋನಿನದು. ಅಂಕಿ ಅಳಿಸಿಹೋಗಿ, ರಬ್ಬರ್ ಬ್ಯಾಂಡ್ ಸುತ್ತಿಸಿಕೊಂಡು ಮೇಜಿನ ಮೇಲೆ ಬಿದ್ದಿರುವ ಆ ಡಬ್ಬಿಗೆ ಪತ್ರಿಕೆ ತೆರೆಯುವುದೂ ಗೊತ್ತಿಲ್ಲ, ಒಪ್ಪಿಗೆ ಕೊಡುವುದೂ ಗೊತ್ತಿಲ್ಲ. ಸುಬ್ಬು ಅದರಿಂದಲೇ ಬ್ಯಾಂಕಿಗೆ ಫೋನ್ ಮಾಡಿಸಿ ಖಾತೆಯನ್ನು ತಡೆಹಿಡಿಸಿದ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ದೂರು ಹೇಳಿಸಿದ.

“ಹಿಂದಿನ ವೈರಸ್ಸುಗಳಿಗೆ ಒಂದು ಮರ್ಯಾದೆ ಇತ್ತು,” ಎಂದ ಮೂರ್ತಿ. “1986ರಲ್ಲಿ ಲಾಹೋರಿನ ಅಣ್ಣತಮ್ಮಂದಿರಿಬ್ಬರು ‘ಬ್ರೈನ್’ ಎಂಬ ವೈರಸ್ ಬರೆದರು. ಫ್ಲಾಪಿಯಿಂದ ಫ್ಲಾಪಿಗೆ ದಾಟುತ್ತಿತ್ತು. ಒಳಗೆ ತಮ್ಮ ಹೆಸರು, ಅಂಗಡಿಯ ವಿಳಾಸ, ಫೋನ್ ನಂಬರು ಎಲ್ಲ ಕೊಟ್ಟು, ಲಸಿಕೆಗೆ ಸಂಪರ್ಕಿಸಿ ಎಂದಿದ್ದರು. ಈಗ ಮದುವೆಯ ಕರೆಯೋಲೆಯಲ್ಲೇ ಛತ್ರದ ವಿಳಾಸವಿಲ್ಲ!”

“ನಾನೊಬ್ಬನೇ ದಡ್ಡನೇ?” ವೆಂಕಣ್ಣನಿಗೆ ಸ್ವಲ್ಪ ನೋವಾಗಿತ್ತು.

“ಛೆ, ಬಹಳ ದೊಡ್ಡ ಮನೆತನ ನಿನ್ನದು. 2000ದ ಮೇ 4ರಂದು ‘ಐ ಲವ್ ಯೂ’ ಎಂದು ಫಿಲಿಪ್ಪೀನ್ಸಿನಿಂದ ಒಂದು ಇಮೇಲ್ ಹೊರಟಿತು. ಜೊತೆಗೊಂದು ಪ್ರೇಮಪತ್ರ. ಅದಕ್ಕೂ ಹೀಗೆಯೇ ಹೆಸರಿನ ಕೊನೆಯಲ್ಲಿ ಬಾಲವಿತ್ತು, ವಿಂಡೋಸ್ ಅದನ್ನು ಮುಚ್ಚಿಟ್ಟಿತ್ತು. ಲಕ್ಷಾಂತರ ಜನ ತೆರೆದರು. ಕಳಿಸಿದವರು ಯಾರು? ಪಕ್ಕದ ಮೇಜಿನ ಗುಮಾಸ್ತ, ಮೀಸೆ ಹೊತ್ತ ಮೇಲಧಿಕಾರಿ. ಆದರೂ ತೆರೆದರು. ಬರೆದ ಹುಡುಗನನ್ನು ಪತ್ತೆ ಹಚ್ಚಿದರೆ, ಶಿಕ್ಷಿಸಲು ಆ ದೇಶದಲ್ಲಿ ಕಾನೂನೇ ಇರಲಿಲ್ಲ. ಇಪ್ಪತ್ತರಲ್ಲಿ ಪ್ರೇಮಪತ್ರ, ಎಪ್ಪತ್ತರಲ್ಲಿ ಲಗ್ನಪತ್ರಿಕೆ. ಕಳ್ಳನಿಗೆ ನಮ್ಮ ವಯಸ್ಸು ಚೆನ್ನಾಗಿ ಗೊತ್ತು.”

ವೆಂಕಣ್ಣ ನಗಲಿಲ್ಲ. “ಮೊದಲೆಲ್ಲ ಅರಿಶಿನ ಹಚ್ಚಿದ ಪತ್ರಿಕೆ ಹಿಡಿದು ಗಂಡಹೆಂಡತಿ ಮನೆಗೇ ಬರುತ್ತಿದ್ದರು. ಅವಳು ಹೋದ ಮೇಲೆ ಯಾರೂ ಬಂದಿಲ್ಲ. ಹಾಸನದವನಿಗಾದರೂ ನೆನಪಿದೆಯಲ್ಲ ಎಂದುಕೊಂಡೆ.”

ಪದ್ದಕ್ಕ ಕೇಳದೆಯೇ ಅವನ ಲೋಟಕ್ಕೆ ಮತ್ತೆ ಕಾಫಿ ಬಗ್ಗಿಸಿದಳು.

“ಇದನ್ನು ಪೂರ್ತಿ ಅಳಿಸಿ ಹೊಸದಾಗಿ ಶುರು ಮಾಡುವುದೇ ಕ್ಷೇಮ,” ಎಂದ ಸುಬ್ಬು. “ಪಾಸ್‌ವರ್ಡುಗಳನ್ನು ನನ್ನ ಫೋನಿನಿಂದ ಬದಲಾಯಿಸೋಣ.”

“ಅಳಿಸಿದರೆ ಸಂದೇಶಗಳೂ ಹೋಗುತ್ತವೆಯೇ?”

“ಯಾವ ಸಂದೇಶ?”

“ಬೆಳಗಿನಿಂದ ಬರುತ್ತಿವೆ. ತೀರ್ಥಹಳ್ಳಿಯ ಷಡ್ಡಕ ಶುಭಾಶಯ ಹೇಳಿದ್ದಾನೆ. ಜಗಳವಾದಂದಿನಿಂದ ಮಾತೇ ಬಿಟ್ಟಿದ್ದ. ಹಾಸನದವನು, ಪತ್ರಿಕೆ ತಾನು ಕಳಿಸಿದ್ದಲ್ಲ, ಆದರೆ ನನ್ನ ಮದುವೆಗೆ ಖಂಡಿತ ಬರುತ್ತೇನೆ ಎಂದು ಬರೆದಿದ್ದಾನೆ.”

“ಹಾಗಾದರೆ ಊಟವನ್ನಾದರೂ ಹಾಕಿಸು,” ಎಂದಳು ಪದ್ದಕ್ಕ. “ಹೋಳಿಗೆ ನಾನು ಮಾಡುತ್ತೇನೆ. ಕರೆಯುವುದು ಮಾತ್ರ ಆ ಗುಂಡಿ ಫೋನಿನಿಂದ.”